ಅದೇ ಅಚ್ಚಿನ ಹಂಚು

ಅಜ್ಜ ಹಂಚನ್ನು ಎಡಗೈಯಲ್ಲಿ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ಕುಟ್ಟುತ್ತಾರೆ. ‘ಟಣ್’ ಎಂದರೆ ಬಲಗಡೆಯ ರಾಶಿಗೆ, ‘ಡಬ್’ ಎಂದರೆ ಎಡಗಡೆಗೆ. ಕಣ್ಣಿಗೆ ಕಾಣದ ಬಿರುಕು ಅವರ ಕಿವಿಗೆ ಸಿಗುತ್ತದೆ. ಉಡುಪಿ ಸಮೀಪದ ಹಳ್ಳಿಯೊಂದರಲ್ಲಿ, ಗಾಳಿಗೆ ಅರ್ಧ ಮಾಡು ಹಾರಿದ ಮನೆಯಂಗಳದಲ್ಲಿ ಬೆಳಗಿನಿಂದ ಇದೇ ಸದ್ದು. ಎಪ್ಪತ್ತು ದಾಟಿದ ಅವರು ಈಗ ಏಣಿ ಹತ್ತುವುದಿಲ್ಲ. ಮೇಲೆ ಮಗ ಇದ್ದಾನೆ.

ಹಂಚು ಮಗುಚಿ ತೋರಿಸಿದರು. ಒಳಮೈಯಲ್ಲಿ ಕಾರ್ಖಾನೆಯ ಹೆಸರು ಒತ್ತಿದೆ. ‘ಎಲ್ಲ ಹಂಚೂ ಒಂದೇ ಅಲ್ಲ ಮಾರಾಯ್ರೇ. ಇದರ ಕಾಲುವೆಗೆ ಬೇರೆ ಅಚ್ಚಿನದು ಕೂರುವುದಿಲ್ಲ.’ ಒಂದು ನೂಲು ಹೆಚ್ಚುಕಡಿಮೆಯಾದರೂ ಆಟಿಯ ಮಳೆ ಆ ಸಂದಿಯಲ್ಲೇ ಒಳಗಿಳಿಯುತ್ತದೆ. ಹಿಂದಿನವರು ಹಟ್ಟಿಯ ಹಿಂದೆ ಅದೇ ಅಚ್ಚಿನ ನೂರಿನ್ನೂರು ಹಂಚು ಪೇರಿಸಿಡುತ್ತಿದ್ದುದು ಇದಕ್ಕೇ. ಈ ಮನೆಯಲ್ಲಿ ಉಳಿದದ್ದು ಹದಿನೆಂಟು.

ಮುಳಿಹುಲ್ಲಿನ ಮಾಡುಗಳ ಈ ಸೀಮೆಗೆ ಕಾರ್ಖಾನೆಯ ಹಂಚು ಕೊಟ್ಟದ್ದು ಬಾಸೆಲ್ ಮಿಶನ್. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಅವರ ಕಾರ್ಖಾನೆ ಶುರುವಾಯಿತು. ಆಮೇಲೆ ‘ಮಂಗಳೂರು ಹಂಚು’ ಹಡಗೇರಿ ದೂರದ ಊರುಗಳಿಗೂ ಹೋಯಿತು.

ಬಿರುಗಾಳಿ ಹಂಚನ್ನು ಮೇಲಿನಿಂದ ಒಡೆಯುವುದು ಕಡಿಮೆ. ಸೂರಿನಡಿ ನುಗ್ಗಿ ಎತ್ತುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಕರಾವಳಿಯವರು ಇದನ್ನು ಕಣ್ಣಾರೆ ಕಂಡರು. ಹಾಗಾಗಿ ಮೊದಲು ಪಕ್ಕಾಸು ನೋಡಬೇಕು, ಗೆದ್ದಲು ತಿಂದ ರೀಪು ಬದಲಿಸಬೇಕು. ಹಂಚಿನಡಿಯ ಮೊಳೆಯಂಥ ಗುಬುಟು ರೀಪಿಗೆ ಕಚ್ಚಿಕೊಂಡರೇ ಹಿಡಿತ. ಹೊದಿಸುವುದು ಸೂರಿನಿಂದ ನೆತ್ತಿಯ ಕಡೆಗೆ. ಕೊನೆಗೆ ಅಜ್ಜ ಒಳಗೆ, ಬಾಗಿಲು ಮುಚ್ಚಿದ ಕತ್ತಲಲ್ಲಿ ನಿಂತು ತಲೆಯೆತ್ತುತ್ತಾರೆ. ಸೂಜಿಮೊನೆಯಷ್ಟು ಬೆಳಕು ಕಂಡರೂ, ‘ಅಲ್ಲಿ, ಸ್ವಲ್ಪ ಎಡಕ್ಕೆ’ ಎನ್ನುತ್ತಾರೆ.

ಪ್ರತಿ ಮಳೆಗಾಲದ ಮುಂಚೆ ಹಂಚು ಕೈಯಾಡಿಸಲು ಜನ ಸಿಗುವುದಿಲ್ಲ, ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿವೆ. ಶೀಟು ಹಾಕಿಸುವವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೂ ಶೀಟಿನಡಿ ಮೇ ತಿಂಗಳ ಮಧ್ಯಾಹ್ನ ಮಲಗಿದವರಿಗೆ ಗೊತ್ತು, ಕಳೆದುಕೊಂಡದ್ದೇನೆಂದು.

ಸಂಜೆ ಹನ್ನೆರಡು ಹಂಚು ಕಡಿಮೆಬಿತ್ತು. ಪಕ್ಕದ ಮನೆಯವರು ಕಳೆದ ವರ್ಷ ಶೀಟು ಹಾಕಿಸಿದವರು, ಇಳಿಸಿದ ಹಂಚು ಬೇಲಿಯ ಬದಿ ಪಾಚಿಗಟ್ಟಿ ಬಿದ್ದಿತ್ತು. ಅಜ್ಜ ಕೇಳಿಕೊಂಡು ಹೋಗಿ ಒಂದನ್ನೆತ್ತಿ ಮಗುಚಿದರು. ಅದೇ ಹೆಸರು. ಪಂಚೆಯ ಅಂಚಿನಿಂದ ಮಣ್ಣು ಒರೆಸಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಕುಟ್ಟಿದರು.