ಪಿನ್ ಒತ್ತಿದ್ರ ರೊಕ್ಕ ಬರತೈತೇನು?

ಗುಡೂರು, ಇಳಕಲ್ಲ, ಹುನಗುಂದ ಕಡೆ ಯಾರದಾದರೂ ಖಾತೆ ಖಾಲಿಯಾಯಿತೆಂದರೆ ಮೊದಲು ಬರುವ ಮಾತು ‘ಫೋನ್ ಹ್ಯಾಕ್ ಆಗೇತಿ’ ಎಂಬುದು. ಎಲ್ಲೋ ಕೂತ ಜಾಣನೊಬ್ಬ ಗೋಡೆಗೆ ಕನ್ನ ಕೊರೆದು ಒಳಗೆ ಬಂದನೆಂಬ ಭಾವನೆ. ಹಾಗೂ ಆಗುವುದುಂಟು, ಆದರೆ ಅಪರೂಪ. ಸಾಮಾನ್ಯವಾಗಿ ಅಗಳಿ ತೆಗೆದಿರುವುದು ನಮ್ಮದೇ ಬೆರಳು. ಅದನ್ನು ತೆಗೆಯುವಂತೆ ನಂಬಿಸಿದವನು ಆಚೆಗಿರುತ್ತಾನೆ. ಯಾವ ಗುಂಡಿ ಏನು ಮಾಡುತ್ತದೆ ಎಂಬುದು ಗೊತ್ತಿದ್ದರೆ ಅವನ ಆಟ ನಡೆಯುವುದು ಕಷ್ಟ.

ತಪ್ಪು ಕಲ್ಪನೆ: ‘ರೊಕ್ಕ ಬರಬೇಕಂದ್ರ ಸ್ಕ್ಯಾನ್ ಮಾಡಿ ಪಿನ್ ಹಾಕಬೇಕು.’

ವಾಸ್ತವ: ಇಳಕಲ್ಲ ಸೀರೆ ಇಳಕಲ್ಲದಲ್ಲಷ್ಟೇ ಅಲ್ಲ, ಗುಡೂರು, ಕಮತಗಿ, ಸೂಳೇಭಾವಿಯ ಮಗ್ಗಗಳ ಮೇಲೂ ಇಳಿಯುತ್ತದೆ. ಮಗ್ಗದಿಂದ ಇಳಿದ ಸೀರೆಯ ಟೋಪು ತೆನಿ ಸೆರಗಿನ ಫೋಟೊ ಈಗ ಅದೇ ದಿನ ವಾಟ್ಸ್‌ಆಪ್ ಸ್ಟೇಟಸ್ ಏರುತ್ತದೆ. ಮಧ್ಯವರ್ತಿಯಿಲ್ಲದೆ ಗಿರಾಕಿ ಸಿಗುವುದು ನೇಕಾರನಿಗೆ ಒಳ್ಳೆಯದೇ. ತೊಂದರೆ ಬರುವುದು ಇಂಥ ಗಿರಾಕಿಯಿಂದ: ತಾನು ಮಿಲಿಟರಿಯಲ್ಲಿದ್ದೇನೆ ಎನ್ನುತ್ತಾನೆ, ಗುರುತಿನ ಚೀಟಿಯ ಫೋಟೊ ಕಳಿಸುತ್ತಾನೆ, ಹತ್ತು ಸೀರೆ ಬೇಕೆನ್ನುತ್ತಾನೆ, ಹೇಳಿದ ದರಕ್ಕೆ ಒಪ್ಪಿಕೊಳ್ಳುತ್ತಾನೆ. (ಸೀರೆ ಕೊಳ್ಳುವವರು ಚೌಕಾಸಿಯನ್ನೇ ಮಾಡದಿದ್ದರೆ ಅಲ್ಲೇ ಅನುಮಾನ ಪಡಬೇಕು.) ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ‘ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ನಿಮ್ಮ ಖಾತೆಗೆ ಬೀಳುತ್ತೆ’ ಎನ್ನುತ್ತಾನೆ. ನಂಬಿಕೆ ಬರಲೆಂದು ಮೊದಲು ಒಂದು ರೂಪಾಯಿ ಕಳಿಸಿ ಎಂದು ಹೇಳಿ, ಎರಡು ರೂಪಾಯಿ ತಿರುಗಿ ಹಾಕುವವರೂ ಇದ್ದಾರೆ.

2016ರಲ್ಲಿ ಯುಪಿಐ ಶುರುವಾದಾಗಿನಿಂದಲೂ ಅದರ ನಿಯಮ ಒಂದೇ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ ಮತ್ತು ಬ್ಯಾಲೆನ್ಸ್ ನೋಡುವುದಕ್ಕೆ. ಹಣ ಪಡೆಯುವುದಕ್ಕೆ ಬೇಡವೇ ಬೇಡ. ಕ್ಯೂಆರ್ ಕೋಡ್ ಅಂದರೆ ‘ಇಂಥವರಿಗೆ ಕೊಡಿ’ ಎಂಬ ವಿಳಾಸ. ಮಾರುವವನು ಅದನ್ನು ತೋರಿಸಬೇಕು, ಕೊಳ್ಳುವವನು ಸ್ಕ್ಯಾನ್ ಮಾಡಬೇಕು. ಕಿರಾಣಿ ಅಂಗಡಿಯಲ್ಲಿ ದಿನಾ ನೋಡುವ ಈ ಕ್ರಮ ಫೋನಿನ ಮಾತಿನಲ್ಲಿ ತಿರುಗುಮುರುಗಾದರೂ ನಮಗೆ ಹೊಳೆಯುವುದಿಲ್ಲ, ಏಕೆಂದರೆ ಆಚೆಯವನು ಉಸಿರಾಡಲೂ ಬಿಡದೆ ಅವಸರ ಮಾಡುತ್ತಿರುತ್ತಾನೆ. ಒಬ್ಬರು ಇನ್ನೊಬ್ಬರಿಗೆ ಕಳಿಸುತ್ತಿದ್ದ ‘ಹಣ ಕೇಳುವ ಕೋರಿಕೆ’ಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ, ಅದೂ ಇಂಥ ಮೋಸಕ್ಕೆ ದಾರಿಯಾಗಿತ್ತು. ಕ್ಯೂಆರ್ ದಾರಿ ಮಾತ್ರ ಈಗಲೂ ಇದೆ.

ತಪ್ಪು ಕಲ್ಪನೆ: ‘ಗುರುತಿನವರ ನಂಬರಿನಿಂದ ಬಂದದ್ದು, ಒತ್ತಿದ್ರ ಏನಾಗತೈತಿ?’

ವಾಸ್ತವ: ಲಗ್ನದ ದಿನಗಳಲ್ಲಿ ವಾಟ್ಸ್‌ಆಪ್‌ಗೆ ‘ಆಮಂತ್ರಣ’ ಎಂಬ ಫೈಲ್ ಬರುತ್ತದೆ. ಬೇರೆ ದಿನಗಳಲ್ಲಿ ಅದೇ ಫೈಲಿಗೆ ಪಿಎಂ ಕಿಸಾನ್, ಆರ್‌ಟಿಓ ಚಲನ್, ಬ್ಯಾಂಕ್ ಕೆವೈಸಿ ಎಂಬ ಹೆಸರು. ಹೆಸರಿನ ಕೊನೆಗೆ ಕಣ್ಣು ಹಾಯಿಸಿ. ಲಗ್ನಪತ್ರಿಕೆ ಬರುವುದು ಫೋಟೊ ಇಲ್ಲವೇ ಪಿಡಿಎಫ್ ರೂಪದಲ್ಲಿ. ಕೊನೆಗೆ ‘ಎಪಿಕೆ’ ಅಂತಿದ್ದರೆ ಅದು ಕಾಗದವಲ್ಲ, ಆ್ಯಪ್. ಅದನ್ನು ಒತ್ತಿದ ಮಾತ್ರಕ್ಕೆ ಆ್ಯಂಡ್ರಾಯ್ಡ್ ಫೋನ್ ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗೊತ್ತಿಲ್ಲದ ಕಡೆಯಿಂದ ಬಂದದ್ದು, ಹಾಕಬೇಕೇ ಎಂದು ಕೇಳುತ್ತದೆ. ಹೌದು ಎಂದ ಮೇಲೆ ಆ ಆ್ಯಪ್ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಅದಕ್ಕೂ ಹೌದು ಎಂದರೆ ಅಲ್ಲಿಗೆ ಓಟಿಪಿ ನಿಮ್ಮೊಬ್ಬರದಾಗಿ ಉಳಿಯಲಿಲ್ಲ. ನೀವು ಯಾರಿಗೂ ಹೇಳದಿದ್ದರೂ ಅದು ಕಳ್ಳನ ಕೈ ಸೇರುತ್ತದೆ. ಅನೇಕ ಸಲ ಅದೇ ಫೈಲ್ ನಿಮ್ಮ ಹೆಸರಿನಲ್ಲಿ ನಿಮ್ಮ ಬೀಗರಿಗೂ ಗೆಳೆಯರಿಗೂ ಹೋಗಿರುತ್ತದೆ. ನಿಮಗೆ ‘ಗುರುತಿನವರಿಂದ’ ಬಂದದ್ದು ಹೇಗೆಂಬುದಕ್ಕೆ ಉತ್ತರವೂ ಇದೇ.

ಹಾಕಿಕೊಂಡುಬಿಟ್ಟಿದ್ದರೆ ಮೊದಲು ಮೊಬೈಲ್ ಡೇಟಾ, ವೈಫೈ ಎರಡನ್ನೂ ಬಂದ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆಯ ವ್ಯವಹಾರ ತಡೆಸಿ. ಆಮೇಲೆ ಆ ಆ್ಯಪ್ ತೆಗೆಯಿರಿ. ತೆಗೆಯಲು ಬಾರದಿದ್ದರೆ ಫೋಟೊಗಳನ್ನು ಬೇರೆಡೆ ಇಟ್ಟುಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸುವುದೇ ಸರಿ. ಇನ್ನು ಗೃಹಲಕ್ಷ್ಮಿಯ 2000 ರೂಪಾಯಿಗೆ ‘ಈ ಲಿಂಕ್ ಒತ್ತಿ ಮತ್ತೆ ನೋಂದಾಯಿಸಿ’ ಎಂಬ ಸಂದೇಶ ಬಂದರೆ ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಿದರೆ ಸಾಕು, ಅಲ್ಲಿಗೆ ಹೋಗುವ ಶ್ರಮ ದೊಡ್ಡದಲ್ಲ.

ತಪ್ಪು ಕಲ್ಪನೆ: ‘ನನ್ನದು ಬಟನ್ ಫೋನ್, ನನಗೇನೂ ಆಗಂಗಿಲ್ಲ.’

ವಾಸ್ತವ: ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ಆಧಾರ್ ಪಾವತಿ ವ್ಯವಸ್ಥೆಗೆ ಫೋನೂ ಬೇಡ, ಓಟಿಪಿಯೂ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಸಾಕು. ಒಮ್ಮೆಗೆ 10,000 ರೂಪಾಯಿವರೆಗೆ ತೆಗೆಯಬಹುದು. ಊರಲ್ಲೇ ಪಿಂಚಣಿ ಕೈಗೆ ಸಿಗುವುದು ಇದರಿಂದಲೇ, ಹಾಗಾಗಿ ವ್ಯವಸ್ಥೆಯನ್ನು ದೂರುವುದು ಸಲ್ಲ. ಆದರೆ ಆಸ್ತಿ ನೋಂದಣಿ ಪತ್ರಗಳ ಮೇಲಿದ್ದ ಬೆರಳಚ್ಚನ್ನು ನಕಲು ಮಾಡಿ ಹಣ ತೆಗೆದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲೇ ಬೆಳಕಿಗೆ ಬಂದವು.

ಇದಕ್ಕೆ ಬೀಗ ಇದೆ. ಆಧಾರ್ ಆ್ಯಪ್ ಅಥವಾ ಆಧಾರ್ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಬಹುದು. ಆಧಾರಿಗೆ ಮೊಬೈಲ್ ನಂಬರ್ ಜೋಡಣೆಯಾಗಿರಬೇಕು ಅಷ್ಟೇ. ಲಾಕ್ ಇರುವಾಗ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ಹಿಡಿಯುವುದಿಲ್ಲ, ಅಲ್ಲಿಗೆ ಹೋದಾಗ ತೆರೆಯಬೇಕು. ಮನೆಯ ಹಿರಿಯರಿಗೆ ಪ್ರತಿ ತಿಂಗಳೂ ತೆರೆದುಕೊಡುವವರು ಇಲ್ಲದಿದ್ದರೆ ಈ ಬೀಗ ಅವರಿಗೇ ಕಾಟವಾದೀತು. ಅಂಥವರು ಬಂದ ಹಣವನ್ನು ಬೇಗ ತೆಗೆದಿಟ್ಟುಕೊಳ್ಳುವುದೇ ವಾಸಿ ಎಂಬುದು ನನ್ನ ಅನಿಸಿಕೆ.

ತಪ್ಪು ಕಲ್ಪನೆ: ‘ಆನ್‌ಲೈನ್ ಅಂಗಡಿಯ ಕಂಪ್ಯೂಟರಿನ್ಯಾಗ ಕೆಲಸ ಮುಗಿಸಿ ಎದ್ದು ಬಂದ್ರ ಆತು.’

ವಾಸ್ತವ: ಅರ್ಜಿ ಹಾಕಿಸಲು ಹೋಗುತ್ತೇವೆ. ಅಂಗಡಿಯವನು ‘ವಾಟ್ಸ್‌ಆಪ್ ವೆಬ್ ಓಪನ್ ಮಾಡ್ರಿ’ ಎಂದಾಗ ಪರದೆಯ ಕೋಡಿಗೆ ನಮ್ಮ ಫೋನ್ ಹಿಡಿಯುತ್ತೇವೆ. ಆಧಾರ್ ಪಿಡಿಎಫ್ ಆ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿಯುತ್ತದೆ, ಪ್ರಿಂಟ್ ಆಗುತ್ತದೆ, ನಾವು ಹೊರಡುತ್ತೇವೆ. ಪಿಡಿಎಫ್ ಅಲ್ಲೇ ಉಳಿಯಿತು. ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ ಎನ್ನಬೇಡಿ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ, ಅದು ಊರಿಗೇ ಗೊತ್ತು. ವಾಟ್ಸ್‌ಆಪ್ ವೆಬ್ ಕೂಡ ಮುಚ್ಚಿದಂತೆ ಕಂಡರೂ ಲಾಗ್‌ಔಟ್ ಮಾಡುವವರೆಗೆ ತೆರೆದೇ ಇರಬಹುದು. ಅಂಗಡಿಯವನು ಒಳ್ಳೆಯವನೇ ಇರಲಿ, ಆ ಕಂಪ್ಯೂಟರಿನ ಮುಂದೆ ಕೂರುವವನು ಅವನೊಬ್ಬನೇ ಅಲ್ಲ. ಎದ್ದು ಬರುವ ಮುಂಚೆ ನಿಮ್ಮ ವಾಟ್ಸ್‌ಆಪ್‌ನಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿ, ‘ಲಿಂಕ್ಡ್ ಡಿವೈಸಸ್’ ತೆರೆದು, ಅಲ್ಲಿ ಕಾಣುವ ಕಂಪ್ಯೂಟರನ್ನು ಲಾಗ್‌ಔಟ್ ಮಾಡಿ. ಪಿಡಿಎಫನ್ನು ರೀಸೈಕಲ್ ಬಿನ್ನಿನಿಂದಲೂ ತೆಗೆಸಿ. ಕೊನೆಯ ನಾಲ್ಕೇ ಅಂಕಿ ಕಾಣುವ ಮಾಸ್ಕ್ ಮಾಡಿದ ಆಧಾರ್ ಅನೇಕ ಕಡೆ ನಡೆಯುತ್ತದೆ, ನಡೆದಲ್ಲಿ ಅದನ್ನೇ ಕೊಡಿ.

‘ಇನ್‌ಕಾಗ್ನಿಟೋದಾಗ ನೋಡಿದ್ರ ಯಾರಿಗೂ ಗೊತ್ತಾಗಂಗಿಲ್ಲ’ ಎಂಬುದೂ ಇದರ ಸೋದರನೇ. ಅದರಿಂದ ಆ ಕಂಪ್ಯೂಟರಿನಲ್ಲಿ ಇತಿಹಾಸ ಉಳಿಯುವುದಿಲ್ಲ, ಅಷ್ಟೇ. ಇಂಟರ್ನೆಟ್ ಕೊಡುವ ಕಂಪನಿಗೂ ನೀವು ಹೋದ ತಾಣಕ್ಕೂ ಕಾಣುವುದು ಕಂಡೇ ಕಾಣುತ್ತದೆ. ಹಾಗೆಯೇ ವಿಳಾಸದ ಪಕ್ಕದ ಬೀಗದ ಗುರುತು ತಾಣ ಅಸಲಿಯೆಂಬುದಕ್ಕೆ ಸಾಕ್ಷಿಯಲ್ಲ. ಮಾಹಿತಿ ದಾರಿಯಲ್ಲಿ ಸೋರುವುದಿಲ್ಲ ಎಂದಷ್ಟೇ ಅದರ ಅರ್ಥ, ನಕಲಿ ತಾಣಕ್ಕೂ ಆ ಬೀಗ ಸಿಗುತ್ತದೆ.

ತಪ್ಪು ಕಲ್ಪನೆ: ‘ವಿಡಿಯೋದಾಗ ಪೊಲೀಸರ ಡ್ರೆಸ್ಸು, ಹಿಂದ ಠಾಣೆ ಕಾಣತಿತ್ತು. ಖರೇನ ಇರಬೇಕು.’

ವಾಸ್ತವ: ವಿಡಿಯೋ ಕರೆಯಲ್ಲೇ ಬಂಧಿಸಿದ್ದೇವೆಂದು ಹೆದರಿಸಿ ಹಣ ಕೀಳುವ ಈ ಆಟಕ್ಕೆ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರು, ಅಂಥ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಇಂಥದ್ದೇ ಒಂದು ಕರೆಯ ಧ್ವನಿಮುದ್ರಣ ಕೇಳಿಸಿದರು. ಕರೆ ಸ್ವೀಕರಿಸಿದವರು ನಮ್ಮ ಪಕ್ಕದ ವಿಜಯಪುರದವರು. ನಿಮಗೂ ಇಂಥ ಕರೆ ಬಂದರೆ ಕಡಿದು ಹತ್ತಿರದ ಠಾಣೆಗೆ ಹೋಗಿ ಕೇಳಿ. ಬಂಧಿಸುವ ಪೊಲೀಸರು ಮನೆ ಬಾಗಿಲಿಗೇ ಬರುತ್ತಾರೆ.

ತಪ್ಪು ಕಲ್ಪನೆ: ‘ಹೋದ ರೊಕ್ಕ ಹೋತು, ಹೇಳಿದ್ರ ಮರ್ಯಾದಿನೂ ಹೋಗತೈತಿ.’

ವಾಸ್ತವ: ಈ ಎಲ್ಲದರಲ್ಲಿ ಹೆಚ್ಚು ನಷ್ಟ ಮಾಡುವುದು ಇದೇ. ಹೋದ ಹಣ ಕಳ್ಳನ ಜೇಬಿಗೆ ನೇರವಾಗಿ ಹೋಗುವುದಿಲ್ಲ. ಬಾಡಿಗೆಗೆ ತೆಗೆದುಕೊಂಡ ಯಾರ ಯಾರದೋ ಖಾತೆಗಳನ್ನು ದಾಟುತ್ತಾ ಹೋಗುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ ಕೂಡಲೇ ದೂರು ಆ ಬ್ಯಾಂಕುಗಳಿಗೆ ತಲುಪುತ್ತದೆ, ಅಷ್ಟರಲ್ಲಿ ಯಾವ ಖಾತೆಯಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ಅಲ್ಲೇ ತಡೆಹಿಡಿಯುತ್ತಾರೆ. ಮನೆಯವರಿಗೆ ಹೇಗೆ ಹೇಳುವುದೆಂದು ಒಂದು ರಾತ್ರಿ ಕಳೆದರೆ ಹಣ ಎಟಿಎಮ್ಮಿನಿಂದ ನೋಟಾಗಿ ಹೊರಬಂದಿರುತ್ತದೆ. ಬ್ಯಾಂಕಿಗೂ ತಕ್ಷಣ ತಿಳಿಸಬೇಕು. ಆರ್‌ಬಿಐನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕನ ತಪ್ಪಿಲ್ಲದೆ ಹಣ ಹೋಗಿ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ಹೊಣೆ ಸೊನ್ನೆ. ಪಿನ್, ಓಟಿಪಿ ತಾನೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು.

ಕರೆ ಮಾಡುವಾಗ ನಿಮ್ಮ ಖಾತೆಯ ವಿವರ, ಹಣ ಹೋದ ಹೊತ್ತು, ಮೊತ್ತ, ಯುಪಿಐ ಆ್ಯಪಿನ ಆ ವ್ಯವಹಾರದಲ್ಲಿ ಕಾಣುವ 12 ಅಂಕಿಯ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಮೋಸಗಾರನ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಮುಂದಿನ ವಿಚಾರಣೆಗೆ ಸೈಬರ್ ಅಪರಾಧ ನೋಡಿಕೊಳ್ಳುವ ಬಾಗಲಕೋಟೆಯ ಸೆನ್ ಠಾಣೆಯಿದೆ, ಆದರೆ 1930ಕ್ಕೆ ಕರೆ ಮಾಡಿದ ನಂತರ ಬಸ್ ಹತ್ತಿ.