ಲಕೋಟೆಯೊಳಗಿನ ಲಕೋಟೆ: ಅಂಚೆ ಮತದ ಯಂತ್ರರಚನೆ

ಹಾಸನ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಅರಸೀಕೆರೆಯೂ ಹಳೇಬೀಡನ್ನು ಒಳಗೊಂಡ ಬೇಲೂರೂ ಸೇರಿದ್ದು, 2024ರ ಏಪ್ರಿಲ್ 26ರಂದು ಅಲ್ಲಿನ ಮತಗಟ್ಟೆಗಳು ತೆರೆಯುವುದಕ್ಕೆ ಮೊದಲೇ ಸದ್ದಿಲ್ಲದ ಇನ್ನೊಂದು ಮತದಾನ ಶುರುವಾಗಿತ್ತು. 85 ವರ್ಷ ದಾಟಿದವರೂ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರೂ ಮನೆಯಲ್ಲಿ, ಚುನಾವಣಾ ಕೆಲಸಕ್ಕೆ ನೇಮಕಗೊಂಡ ನೌಕರರು ಸೌಲಭ್ಯ ಕೇಂದ್ರಗಳಲ್ಲಿ, ಸೇನೆಯಲ್ಲಿರುವವರು ತಮ್ಮ ಘಟಕಗಳಲ್ಲಿ ಕಾಗದದ ಮೇಲೆ ಗುರುತು ಹಾಕುವ ಈ ವಿಧಾನಕ್ಕೆ ಅಂಚೆ ಮತದಾನ ಎಂದು ಹೆಸರು. ಇದರಲ್ಲಿ ವಿದ್ಯುತ್ತಾಗಲಿ ಗುಂಡಿಯಾಗಲಿ ಇಲ್ಲ. ಆದರೂ ಬಿಡಿಭಾಗಗಳು ನಿಗದಿತ ಕ್ರಮದಲ್ಲೇ ಚಲಿಸಬೇಕಾದ ಇದನ್ನು ಕಾಗದದ ಯಂತ್ರವೆನ್ನುವುದು ತಪ್ಪಾಗಲಾರದು.

ಯಂತ್ರದ ಮುಂದಿರುವ ಸಮಸ್ಯೆ ವಿಚಿತ್ರವಾದದ್ದು. ಮತ ಹಾಕಿದವರು ಅರ್ಹರೇ ಎಂದು ತಿಳಿಯಲು ಅವರ ಹೆಸರು ಬೇಕು, ಯಾರಿಗೆ ಹಾಕಿದರೆಂಬುದು ಗುಟ್ಟಾಗಿರಲು ಹೆಸರು ಇರಕೂಡದು. 1961ರ ಚುನಾವಣಾ ನಿರ್ವಹಣಾ ನಿಯಮಗಳು ಇದಕ್ಕೆ ಎರಡು ಲಕೋಟೆಗಳ ಪರಿಹಾರವನ್ನು ಕೊಟ್ಟಿವೆ. ಗುರುತು ಹಾಕಿದ ಮತಪತ್ರ 13ಬಿ ನಮೂನೆಯ ಚಿಕ್ಕ ಲಕೋಟೆಯೊಳಗೆ ಸೇರುತ್ತದೆ. ತಾನೇ ಆ ಮತದಾರನೆಂದು ಸಹಿ ಮಾಡಿ ಅಧಿಕಾರಿಯಿಂದ ದೃಢೀಕರಿಸಿಕೊಂಡ 13ಎ ನಮೂನೆಯ ಘೋಷಣಾ ಪತ್ರ ಆ ಲಕೋಟೆಯ ಹೊರಗೇ ಉಳಿಯುತ್ತದೆ. ಎರಡೂ ಕೂಡಿ 13ಸಿ ನಮೂನೆಯ ದೊಡ್ಡ ಲಕೋಟೆಯಲ್ಲಿ ಚುನಾವಣಾಧಿಕಾರಿಯನ್ನು ತಲುಪುತ್ತವೆ.

ಎಣಿಕೆಯ ದಿನ ಮೊದಲು ತೆರೆಯುವುದು ದೊಡ್ಡ ಲಕೋಟೆ. ಘೋಷಣಾ ಪತ್ರ ಇಲ್ಲದಿದ್ದರೆ, ಅದರಲ್ಲಿ ಸಹಿಯಾಗಲಿ ದೃಢೀಕರಣವಾಗಲಿ ತಪ್ಪಿದ್ದರೆ, ಅಥವಾ ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆ ಚಿಕ್ಕ ಲಕೋಟೆಯ ಮೇಲಿನ ಸಂಖ್ಯೆಗೆ ಹೊಂದದಿದ್ದರೆ ಚಿಕ್ಕ ಲಕೋಟೆಯನ್ನು ಒಡೆಯದೆಯೇ ತಿರಸ್ಕರಿಸಲಾಗುತ್ತದೆ. ಸರಿಯಿರುವ ಘೋಷಣಾ ಪತ್ರಗಳನ್ನೆಲ್ಲ ಬೇರೊಂದು ಕಟ್ಟಿನಲ್ಲಿ ಮೊಹರು ಮಾಡಿದ ಮೇಲಷ್ಟೇ ಚಿಕ್ಕ ಲಕೋಟೆಗಳ ಸರದಿ ಬರುತ್ತದೆ. ಕ್ರಮಸಂಖ್ಯೆ ಎರಡು ಕಡೆಯೂ ಇರುವುದರಿಂದ ಹೆಸರನ್ನೂ ಮತವನ್ನೂ ಮತ್ತೆ ಜೋಡಿಸುವುದು ಸಿದ್ಧಾಂತದಲ್ಲಿ ಅಸಾಧ್ಯವಲ್ಲ. ಅದನ್ನು ತಡೆದಿರುವುದು ಆ ಮೊಹರು ಮತ್ತು ಸುತ್ತ ಕುಳಿತ ಅಭ್ಯರ್ಥಿಗಳ ಏಜೆಂಟರ ಕಣ್ಣು, ಇವೆರಡೇ.

ಈ ಬಿಗಿಗೆ ತೆರುವ ಬೆಲೆಯೂ ಇದೆ. ಒಂದು ಸಹಿ ಮರೆತ ಮತದಾರನ ಮತ ಯಾರಿಗೆಂದು ತಿಳಿಯುವ ಮೊದಲೇ ಅಸಿಂಧುವಾಗುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ಕೊನೆಗೆ 16 ಮತಗಳ ಅಂತರಕ್ಕೆ ಬಂದು ನಿಂತಾಗ, ಜಗಳ ನಡೆದದ್ದು ತಿರಸ್ಕೃತ ಅಂಚೆ ಮತಗಳ ಸುತ್ತಲೇ. ಗೆಲುವಿನ ಅಂತರವು ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಿದ್ದರೆ ಅವನ್ನೆಲ್ಲ ಮರುಪರಿಶೀಲಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ.

ಮನೆಯ ಮತದಾನಕ್ಕೆ ಬೇರೆ ಬಗೆಯ ಕಾವಲು ಬೇಕು. ಅಧಿಸೂಚನೆ ಹೊರಟ ಐದು ದಿನಗಳೊಳಗೆ 12ಡಿ ನಮೂನೆಯಲ್ಲಿ ಅರ್ಜಿ ಕೊಟ್ಟು ಒಪ್ಪಿಗೆ ಪಡೆದವರ ಹೆಸರಿನ ಮುಂದೆ ಮತದಾರರ ಪಟ್ಟಿಯಲ್ಲಿ ಗುರುತು ಬೀಳುತ್ತದೆ. ಅನಂತರ ಅವರು ಮತಗಟ್ಟೆಗೆ ಬಂದರೂ ಮತ ಹಾಕುವಂತಿಲ್ಲ. ಭೇಟಿಯ ದಿನವನ್ನು ಅಭ್ಯರ್ಥಿಗಳಿಗೂ ಮೊದಲೇ ತಿಳಿಸಿ, ಇಬ್ಬರು ಮತಗಟ್ಟೆ ಅಧಿಕಾರಿಗಳು, ವಿಡಿಯೊ ಚಿತ್ರೀಕರಿಸುವವರು ಮತ್ತು ಪೊಲೀಸರ ತಂಡ ಮನೆಗೆ ಹೋಗುತ್ತದೆ. ಎರಡನೆಯ ಭೇಟಿಯಲ್ಲೂ ಮತದಾರರು ಸಿಗದಿದ್ದರೆ ಆ ಅವಕಾಶ ಅಲ್ಲಿಗೆ ಮುಗಿಯಿತು. ಕರ್ನಾಟಕದಲ್ಲಿ ಈ ಸೌಲಭ್ಯ ಮೊದಲು ಬಂದ 2023ರಲ್ಲಿ ವಯಸ್ಸಿನ ಮಿತಿ 80 ಇತ್ತು, 2024ರ ಮಾರ್ಚ್‌ನಲ್ಲಿ 85ಕ್ಕೆ ಏರಿತು. ಅಜ್ಜಿ ಗುರುತು ಹಾಕುವ ಹೊತ್ತಿನಲ್ಲಿ ಮಗನೋ ಸೊಸೆಯೋ ಹಿಂದೆ ನಿಂತಿದ್ದರೆ ಯಾವ ಲಕೋಟೆಯೂ ಗುಟ್ಟು ಕಾಯಲಾರದು. ಆದ್ದರಿಂದ ತಂಡದ ಬಹುಮುಖ್ಯ ಕೆಲಸ ಮನೆಯವರನ್ನು ದೂರ ಸರಿಸುವುದೇ.

ಚುನಾವಣಾ ಸಿಬ್ಬಂದಿಯ ಮತಪತ್ರಗಳಲ್ಲಿ ತೊಂದರೆಯಿದ್ದದ್ದು ಸಮಯದಲ್ಲಿ. ಎಣಿಕೆಯ ಬೆಳಿಗ್ಗೆ 8ರವರೆಗೂ ಅವನ್ನು ಹಿಂದಿರುಗಿಸಬಹುದಾಗಿದ್ದ ಕಾಲದಲ್ಲಿ ಮತಪತ್ರ ವಾರಗಟ್ಟಲೆ ನೌಕರರ ಕೈಯಲ್ಲೇ ಇರುತ್ತಿದ್ದು, ಒತ್ತಡಕ್ಕೂ ಆಮಿಷಕ್ಕೂ ದಾರಿಯಾಗುತ್ತಿತ್ತು. 2023ರ ಆಗಸ್ಟ್‌ನ ತಿದ್ದುಪಡಿಯಿಂದ ಅವರು ಸೌಲಭ್ಯ ಕೇಂದ್ರದಲ್ಲೇ ಮತಪತ್ರ ಪಡೆದು ಅಲ್ಲೇ ಹಾಕಿ ಬರಬೇಕಾಯಿತು. ಸೈನಿಕರಿಗೆ ಮಾತ್ರ ಮತಪತ್ರ ಅಂತರ್ಜಾಲದ ಮೂಲಕ, ಒಂದು ಸಲ ಬಳಸುವ ಗುಪ್ತಸಂಖ್ಯೆ ಮತ್ತು ಪಿನ್‌ಗಳ ರಕ್ಷಣೆಯಲ್ಲಿ ತಲುಪುತ್ತದೆ. ವಿದ್ಯುನ್ಮಾನದ ದಾರಿ ಹೋಗುವುದಕ್ಕಷ್ಟೇ. ಮುದ್ರಿಸಿ ಗುರುತು ಹಾಕಿದ ಪ್ರತಿ ಅಂಚೆಯಲ್ಲೇ ಮರಳಬೇಕು, ಎಣಿಕೆಗೆ ಮುನ್ನ ಲಕೋಟೆಯ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಒಂದೇ ಮತ ಎರಡು ಸಲ ಬಂದಿದೆಯೇ ಎಂದು ನೋಡಲಾಗುತ್ತದೆ. ಗೊತ್ತುಪಡಿಸಿದ ಕೆಲವು ಸೇನಾ ಮತದಾರರು ಊರಿನ ಒಬ್ಬರನ್ನು ಪ್ರತಿನಿಧಿಯಾಗಿ ನೇಮಿಸಬಹುದು. ಆ ಪ್ರತಿನಿಧಿಗೆ ಅಳಿಸಲಾಗದ ಶಾಯಿ ಹಚ್ಚುವುದು ಎಡಗೈಯ ಮಧ್ಯದ ಬೆರಳಿಗೆ, ಏಕೆಂದರೆ ತೋರುಬೆರಳು ಅವರ ಸ್ವಂತ ಮತಕ್ಕೆ ಮೀಸಲು.

ಊರಿನಲ್ಲಿಲ್ಲದವರೆಲ್ಲ ಕಾನೂನಿನ ಗೈರುಹಾಜರಿ ಮತದಾರರಲ್ಲ ಎಂಬುದೇ ಈ ವ್ಯವಸ್ಥೆಯ ದೊಡ್ಡ ಕೊರತೆ. ಆಯೋಗ ಅಗತ್ಯ ಸೇವೆಯೆಂದು ಗುರುತಿಸಿದ ಇಲಾಖೆಗಳಲ್ಲಿ ಕೆಲಸದ ಮೇಲಿರುವವರಿಗೆ ಅಂಚೆ ಮತದಾನ ಕೇಂದ್ರವುಂಟು. ಬೆಂಗಳೂರಿನ ಕಾರ್ಖಾನೆಯಲ್ಲೋ ಹೋಟೆಲಿನಲ್ಲೋ ದುಡಿಯುವ ಹಳೇಬೀಡಿನ ಯುವಕನ ಹೆಸರು ಊರಿನ ಪಟ್ಟಿಯಲ್ಲಿದ್ದರೆ ಆತ ರೈಲೋ ಬಸ್ಸೋ ಹತ್ತಿ ಬರಲೇಬೇಕು. ವಿದೇಶದಲ್ಲಿದ್ದು ಭಾರತದ ಪೌರತ್ವ ಉಳಿಸಿಕೊಂಡವರೂ ಪಟ್ಟಿಗೆ ಹೆಸರು ಸೇರಿಸಬಹುದಾದರೂ ಮತಗಟ್ಟೆಗೆ ಖುದ್ದಾಗಿ ಬರಬೇಕು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳಿಗೆ ಮತ ಸ್ವೀಕರಿಸಬಲ್ಲ ದೂರ ಮತದಾನ ಯಂತ್ರದ ಮಾದರಿಯನ್ನು ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತಾದರೂ, ದೂರದ ಊರಿನ ಮತಗಟ್ಟೆಯಲ್ಲಿ ಪ್ರತಿ ಕ್ಷೇತ್ರದ ಏಜೆಂಟರು ಕುಳಿತು ಮತದಾರನ ಗುರುತನ್ನು ಪ್ರಶ್ನಿಸುವುದು ಹೇಗೆಂಬ ತೊಡಕನ್ನು ಲಕೋಟೆಯಂತೆ ಸರಳವಾಗಿ ಬಿಡಿಸುವ ಉಪಾಯ ಆ ಯಂತ್ರದಲ್ಲಿರಲಿಲ್ಲ.