ಅಡುಗೆಮನೆಯ ಕಪಾಟಿನ ಒಳಬಣ್ಣ ಮತ್ತು ಆರೋಗ್ಯ

ಯುಗಾದಿ, ದೀಪಾವಳಿ, ಮದುವೆ, ಗೃಹಪ್ರವೇಶಗಳು ಸಮೀಪಿಸಿದಂತೆ ಸದ್ಭಕ್ತರ ಮನೆಗಳಲ್ಲಿ ಸುಣ್ಣಬಣ್ಣದ ಕಾರ್ಯ ಆರಂಭವಾಗುತ್ತದೆ. ಬಾಗಿಲು ಕಿಟಕಿಗಳಿಗೆ ಬಳಿದು ಉಳಿದ ಎನಾಮಲ್ ಬಣ್ಣವನ್ನು ಅಡುಗೆಮನೆಯ ಕಪಾಟಿನ ಒಳಗೂ ಹಚ್ಚಿ, ಮರುದಿನವೇ ಅಕ್ಕಿ, ಬೇಳೆ, ಹಿಟ್ಟು, ಎಣ್ಣೆಗಳನ್ನು ಜೋಡಿಸಿಬಿಡುವುದು ಅನೇಕರ ರೂಢಿ. ಇಂತಹ ದಿನಗಳಲ್ಲಿ ತಲೆನೋವು, ಕಣ್ಣುರಿ, ಓಕರಿಕೆ, ಉಬ್ಬಸವೆಂದು ಬರುವವರನ್ನು ‘ಮನೆಗೆ ಬಣ್ಣ ಹಚ್ಚಿಸಿದ್ದೀರಾ?’ ಎಂದು ನಾವು ತಪ್ಪದೆ ವಿಚಾರಿಸುತ್ತೇವೆ.

ಬಣ್ಣ ಒಣಗುವುದು ಬೇರೆ, ಪಕ್ವವಾಗುವುದು ಬೇರೆ. ಕೈಗೆ ಅಂಟದಂತಾಗಲು ಕೆಲವು ಗಂಟೆಗಳು ಸಾಕು. ಆದರೆ ಪದರದೊಳಗಿನ ದ್ರಾವಕಗಳು ಆವಿಯಾಗಿ ಹೋಗಿ, ಅದು ಪೂರ್ಣವಾಗಿ ಗಟ್ಟಿಗೊಳ್ಳಲು ಎರಡರಿಂದ ನಾಲ್ಕು ವಾರಗಳೇ ಬೇಕಾಗುತ್ತವೆ. ಗೋಡೆಯ ಬಣ್ಣಕ್ಕೆ ಗಾಳಿ ತಾಗುತ್ತಿರುತ್ತದೆ. ಕಪಾಟಾದರೋ ಮುಚ್ಚಿದ ಪೆಟ್ಟಿಗೆ. ಆವಿ ಅದರೊಳಗೇ ನಿಂತು ಆಹಾರವನ್ನು ಸೇರುತ್ತದೆ. ತುಪ್ಪವು ತನ್ನೊಡನೆ ಕೂಡಿದ ದ್ರವ್ಯದ ಗುಣವನ್ನು ತಾಳುತ್ತದೆಂದು ಆಯುರ್ವೇದ ಹೇಳುತ್ತದೆ. ಆ ಗುಣದಿಂದಲೇ ಅದು ಔಷಧಕ್ಕೆ ಶ್ರೇಷ್ಠ ವಾಹಕವಾಯಿತು; ಹಸಿ ಬಣ್ಣದ ಬಳಿಯಿಟ್ಟರೆ ಅದೇ ಗುಣ ದೋಷವಾಗುತ್ತದೆ. ಜಿಡ್ಡುಳ್ಳ ಪದಾರ್ಥಗಳೆಲ್ಲವೂ ವಾಸನೆಯನ್ನು ಬೇಗನೆ ಹೀರುತ್ತವೆ.

ಎರಡನೆಯ ಅಪಾಯ ಸೀಸ. ರಸಶಾಸ್ತ್ರದಲ್ಲಿ ‘ನಾಗ’ವೆಂದು ಕರೆಯಲ್ಪಡುವ ಈ ಲೋಹವನ್ನು ಶೋಧನ, ಮಾರಣಗಳಿಲ್ಲದೆ ಬಳಸಬಾರದೆಂದು ನಮ್ಮ ಹಿರಿಯರು ವಿಧಿಸಿದ್ದರು. ಹಿಂದಿನ ಎನಾಮಲ್‌ಗಳಲ್ಲಿ, ವಿಶೇಷವಾಗಿ ಹಳದಿ ಮತ್ತು ಕೆಂಪು ಬಣ್ಣಗಳಲ್ಲಿ, ಸೀಸ ಬಹಳವಾಗಿರುತ್ತಿತ್ತು. ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮವಿದೆ. ಆದರೆ ಹಳೆಯ ಕಪಾಟುಗಳ ಮೇಲಿನ ಬಣ್ಣ ಅದಕ್ಕಿಂತ ಹಿಂದಿನದು. ಅದನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಮಕ್ಕಳ ಕೈಯಿಂದ ಬಾಯಿಗೆ ಸೇರಿ, ರಕ್ತಹೀನತೆ, ಹೊಟ್ಟೆನೋವುಗಳನ್ನು ತರುವುದಲ್ಲದೆ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿಸುತ್ತದೆ. ಮಗುವಿಗೆ ಇಷ್ಟು ಸೀಸ ನಿರಪಾಯವೆಂದು ಹೇಳಬಹುದಾದ ಪ್ರಮಾಣವೇ ಇಲ್ಲ.

ಮೂರನೆಯದು ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡ್‌ಗಳ ಅಂಟು. ಅದರಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಅನಿಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಕೊಯ್ದ ಅಂಚುಗಳನ್ನು ಬರಿದಾಗಿ ಬಿಟ್ಟರೆ ಅನಿಲ ಹೊರಬರುವುದೂ, ತೇವ ಒಳಹೋಗುವುದೂ ಅಲ್ಲಿಂದಲೇ. ಹೊಸ ಕಪಾಟು ಮಾಡಿಸುವವರು ಅನಿಲ ಕಡಿಮೆ ಬಿಡುವ ಇ-0 ಅಥವಾ ಇ-1 ದರ್ಜೆಯ ಹಲಗೆ ಕೇಳಿ, ಅಂಚುಗಳನ್ನೆಲ್ಲ ಮುಚ್ಚಿಸಬೇಕು.

ಅನುಸರಿಸಬೇಕಾದ ಕ್ರಮ

1. ಕಪಾಟನ್ನು ಬರಿದು ಮಾಡಿ, ಜಿಡ್ಡು ಮತ್ತು ಮಸಿಯನ್ನು ಅಂಟುವಾಳದ ನೀರಿನಿಂದ ಅಥವಾ ಸಾಬೂನಿನಿಂದ ತೊಳೆದು ಚೆನ್ನಾಗಿ ಒಣಗಿಸಬೇಕು.

2. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಕೆರೆಯದೆ ಅದರ ಮೇಲೆಯೇ ಹಚ್ಚುವುದು ಲೇಸು. ಉಜ್ಜಲೇಬೇಕಾದರೆ ನೀರು ತಾಗಿಸಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಬೇಕು, ಬೆಂಕಿಯಿಂದ ಸುಡಬಾರದು. ಗರ್ಭಿಣಿಯರು, ಮಕ್ಕಳು, ಉಬ್ಬಸವುಳ್ಳವರು ಆಗ ಸಮೀಪದಲ್ಲಿರಬಾರದು.

3. ನೀರಿನಲ್ಲಿ ಕಲೆಸುವ ಎನಾಮಲ್ಲನ್ನು ಆರಿಸಿಕೊಳ್ಳಬೇಕು. ಥಿನ್ನರ್ ಬೆರೆಸುವ ಬಣ್ಣ ಒಳಮೈಗೆ ಬೇಡ. ಡಬ್ಬಿಯ ಮೇಲೆ ಸೀಸದ ಪ್ರಮಾಣವನ್ನು ಓದಿ ಕೊಳ್ಳಬೇಕು.

4. ಪ್ರೈಮರ್ ಹಚ್ಚಿದ ಮೇಲೆ, ದಪ್ಪನೆಯ ಒಂದು ಪದರದ ಬದಲು ತೆಳುವಾದ ಎರಡು ಪದರ ಬಳಿಯಬೇಕು. ದಪ್ಪ ಪದರವು ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

5. ಬಾಗಿಲುಗಳನ್ನು ಹಗಲಿರುಳು ತೆರೆದಿಟ್ಟು, ಕಿಟಕಿಯ ಗಾಳಿ ಆಡುವಂತೆ ಮಾಡಿ, ಕನಿಷ್ಠ ಎರಡು ವಾರ ಕಪಾಟನ್ನು ಬರಿದಾಗಿ ಬಿಡಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು ದಿನ ಬೇಕು.

ಕಡಪಾ ಕಲ್ಲಿನ ಹಲಗೆಗಳಿಗೆ ಬಣ್ಣದ ಅಗತ್ಯವೇ ಇಲ್ಲ. ಅಂತಹ ಗೂಡುಗಳ ಗೋಡೆಗೆ ಸುಣ್ಣ ಹಚ್ಚಿದರೆ ಸಾಕು. ಅದರ ಕ್ಷಾರಗುಣದಿಂದ ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ.

ಪಕ್ವವಾಯಿತೇ ಎಂದು ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಚಿಕ್ಕ ಬಟ್ಟಲಿನಲ್ಲಿ ತುಸು ತುಪ್ಪವನ್ನು ತೆರೆದಿಟ್ಟು, ಕಪಾಟಿನ ಬಾಗಿಲನ್ನು ರಾತ್ರಿಯಿಡೀ ಮುಚ್ಚಿರಿ. ಬೆಳಿಗ್ಗೆ ಆ ತುಪ್ಪವನ್ನು ಮೂಸಿ ನೋಡಿರಿ. ಬಣ್ಣದ ವಾಸನೆ ಬಂದರೆ ಇನ್ನೊಂದು ವಾರ ಕಾಯಬೇಕು. ಆ ತುಪ್ಪವನ್ನು ಚೆಲ್ಲಿಬಿಡಬೇಕು. ಊದುಬತ್ತಿ, ಧೂಪಗಳು ವಾಸನೆಯನ್ನು ಮರೆಮಾಚುತ್ತವೆಯೇ ಹೊರತು ಆವಿಯನ್ನು ಹೊರಹಾಕುವುದಿಲ್ಲ. ಜಿರಲೆಗೆಂದು ಆಹಾರದ ಕಪಾಟಿನಲ್ಲಿ ಡಾಂಬರು ಗುಳಿಗೆಗಳನ್ನಿಡುವುದು ಸರ್ವಥಾ ಸಲ್ಲದು.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಕಪಾಟಿಗೆ ಬಣ್ಣ ಹಚ್ಚುವುದಕ್ಕಿಂತ ತೊಳೆದು ಒರೆಸಿಡುವುದೇ ಮೇಲು. ಬಣ್ಣ ಬೇಕಾದರೆ ಒಂದು ತಿಂಗಳು ಮುಂಚಿತವಾಗಿಯೇ ಆರಂಭಿಸಿರಿ. ಮನೆಮಂದಿಯೆಲ್ಲ ಉಣ್ಣುವ ಧಾನ್ಯ ಅಲ್ಲಿರುತ್ತದೆ. ಕಣ್ಣಿಗೆ ಕಾಣುವ ಹೊಳಪಿಗಿಂತ ಕಾಣದ ಶುದ್ಧಿಯೇ ಅಲ್ಲಿ ಮುಖ್ಯ.